ಹೊಸ ಪದರ ಕೂತಿದೆಯಾ? ಮಂಡಿಯ ಕಾರ್ಟಿಲೇಜ್ ರಿಪೇರಿ ಆದ ಮೇಲೆ ಡಾಕ್ಟರ್ ಏನೇನು ನೋಡುತ್ತಾರೆ

ಕಳೆದ ತಿಂಗಳು ನಮ್ಮಕ್ಕನ ಮಗ ಮುಳಬಾಗಿಲಿನಿಂದ ಫೋನ್ ಮಾಡಿದ. ದನಿಯಲ್ಲಿ ಗಾಬರಿ ಇತ್ತು. "ಮಾವ, ಸ್ಕ್ಯಾನ್ ರಿಪೋರ್ಟ್ ಬಂತು. ಗುಂಡಿ ಪೂರ್ತಿ ತುಂಬಿಲ್ಲ ಅಂತ ಬರೆದಿದ್ದಾರೆ. ಆಪರೇಷನ್ ಫೇಲ್ ಆಯ್ತು ಅನ್ಸುತ್ತೆ."

ಅವನಿಗೆ 24 ವರ್ಷ. ಕಬಡ್ಡಿ ಆಡುತ್ತಿದ್ದ ಹುಡುಗ. ಒಂದು ಪಂದ್ಯದಲ್ಲಿ ಮಂಡಿ ತಿರುಚಿ ಒಳಗಿನ ಕಾರ್ಟಿಲೇಜ್ ಒಂದು ಕಡೆ ಎದ್ದುಹೋಗಿತ್ತು. ಅಂಗಿ ಬಟನ್‌ಗಿಂತ ಸ್ವಲ್ಪ ದೊಡ್ಡ ಗುಂಡಿ, ಅಷ್ಟೆ. ಅದನ್ನು ರಿಪೇರಿ ಮಾಡಿಸಿ ಎಂಟು ತಿಂಗಳಾಗಿತ್ತು.

ಎರಡು ದಿನ ಬಿಟ್ಟು ಅವನ ಜೊತೆ ಅಕ್ಕ, ನಾನು ಇಬ್ಬರೂ ಡಾಕ್ಟರ್ ಹತ್ತಿರ ಹೋದೆವು. ಅವರು ರಿಪೋರ್ಟನ್ನೂ ಫಿಲ್ಮನ್ನೂ ನೋಡಿ ಪಕ್ಕಕ್ಕಿಟ್ಟರು. ಆಮೇಲೆ ಅರ್ಧ ಗಂಟೆ ಬೇರೆಯದೇ ಕೆಲಸ ನಡೆಯಿತು. ಮಂಡಿ ಒತ್ತಿ ನೋಡಿದರು. ಟೈಲರ್ ಟೇಪಿನಂಥದ್ದರಲ್ಲಿ ತೊಡೆ ಅಳೆದರು. ಒಂದು ಉದ್ದನೆಯ ಫಾರಂ ತುಂಬಿಸಿದರು. ಕೊನೆಗೆ ಹೊರಗಿನ ಕಾರಿಡಾರಿನಲ್ಲಿ ಒಂಟಿ ಕಾಲಲ್ಲಿ ಕುಪ್ಪಳಿಸು ಅಂದರು. ಎಲ್ಲ ಮುಗಿದ ಮೇಲೆ, "ಎಂಟು ತಿಂಗಳಿಗೆ ಎಷ್ಟು ಆಗಬೇಕೋ ಅಷ್ಟು ಆಗಿದೆ. ಗಾಬರಿ ಬೇಡ" ಅಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ಅಕ್ಕ ಕೇಳಿದಳು. "ಹಾಗಾದ್ರೆ ಸ್ಕ್ಯಾನಿಗೆ ಅಷ್ಟು ದುಡ್ಡು ಕೊಟ್ಟಿದ್ದು ಯಾಕೆ? ಕುಪ್ಪಳಿಸಿದ್ರೆ ಗೊತ್ತಾಗೋ ಹಾಗಿದ್ರೆ?"

ಒಳ್ಳೆಯ ಪ್ರಶ್ನೆ. ಈಗ ನಮ್ಮ ಕಡೆಯ ಬಹಳ ಮನೆಗಳಲ್ಲಿ ಬರುವ ಪ್ರಶ್ನೆಯೂ ಹೌದು. ಬೈಕಿನಿಂದ ಬಿದ್ದವರು, ಆಟದಲ್ಲಿ ಪೆಟ್ಟು ತಿಂದವರು ಮಂಡಿಗೆ ದೂರ್ಬೀನು ಹಾಕಿಸಿಕೊಂಡು, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ತೂರಿಸಿ ಮಾಡುವ ಆಪರೇಷನ್ ಮಾಡಿಸಿಕೊಂಡು ಬರುತ್ತಿದ್ದಾರೆ. ಆಪರೇಷನ್ ಬಗ್ಗೆ ವಿಚಾರಿಸುತ್ತೇವೆ. ಆಮೇಲಿನ ತಪಾಸಣೆ ಯಾಕೆ, ಅಲ್ಲಿ ಏನು ನೋಡುತ್ತಾರೆ ಅನ್ನುವುದನ್ನು ವಿಚಾರಿಸುವವರು ಕಡಿಮೆ. ಅದಕ್ಕೇ ಬುಡದಿಂದ ಶುರು ಮಾಡೋಣ.

ಕೋಳಿ ಕಾಲಿನ ತುದಿಯ ಬಿಳಿ ಪದರ

ಭಾನುವಾರ ಮನೆಯಲ್ಲಿ ಕೋಳಿ ಸಾರು ಮಾಡಿದಾಗ ಕಾಲಿನ ತುಂಡನ್ನು ಗಮನಿಸಿ. ಎಲುಬಿನ ತುದಿಯಲ್ಲಿ ಬೆಳ್ಳಗೆ, ನುಣ್ಣಗೆ, ಸ್ವಲ್ಪ ಮಿರುಗುವ ಪದರ ಇರುತ್ತದೆ. ಅದೇ ಕಾರ್ಟಿಲೇಜ್. ಪುಸ್ತಕದ ಕನ್ನಡದಲ್ಲಿ ಮೃದ್ವಸ್ಥಿ. ನಮ್ಮ ಮಂಡಿಯಲ್ಲೂ ತೊಡೆ ಮೂಳೆಯ ಕೆಳತುದಿ, ಕಾಲಿನ ಮೂಳೆಯ ಮೇಲ್ತುದಿ ಮತ್ತು ಮಂಡಿಚಿಪ್ಪಿನ ಹಿಂಭಾಗಕ್ಕೆ ಇದೇ ಪದರ ಹೊದಿಸಿದೆ. ಬಹುತೇಕ ಕಡೆ ದಪ್ಪ 2ರಿಂದ 4 ಮಿಲಿಮೀಟರ್. ಚಿಪ್ಪಿನ ಹಿಂದೆ ಇನ್ನೂ ಸ್ವಲ್ಪ ಜಾಸ್ತಿ.

ಇಷ್ಟು ತೆಳು ಪದರ ನಮ್ಮ ಇಡೀ ಭಾರ ಹೊರುತ್ತದೆ. ಅದರ ಮುಕ್ಕಾಲು ಭಾಗದಷ್ಟು ನೀರು. ಆ ನೀರನ್ನು ಹಿಡಿದಿಡುವ ಜೆಲ್ಲಿಯಂಥ ವಸ್ತು, ಅದನ್ನು ಬಿಗಿಯಾಗಿ ಕಟ್ಟಿಹಾಕಿದ ಕೊಲಾಜನ್ ಎಳೆಗಳ ಬಲೆ, ನಡುನಡುವೆ ಅಲ್ಲೊಂದು ಇಲ್ಲೊಂದು ಜೀವಕೋಶ. ಒಳಗಿರುವುದು ಇಷ್ಟೇ.

ಈ ಪದರಕ್ಕೆ ಎರಡು ವಿಶೇಷಗಳಿವೆ. ಮುಂದಿನ ಎಲ್ಲ ತಪಾಸಣೆಗೂ ಇವೇ ಕಾರಣ.

ಮೊದಲನೆಯದು, ಇದರಲ್ಲಿ ರಕ್ತನಾಳಗಳಿಲ್ಲ. ಚರ್ಮ ಕಿತ್ತರೆ ಹಕ್ಕಳೆ ಕಟ್ಟಿ ಮಾಯುತ್ತದೆ. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ಎರಡಕ್ಕೂ ರಕ್ತವೇ ಸಾಮಾನು ತಂದುಕೊಡುವುದು. ಕಾರ್ಟಿಲೇಜಿಗೆ ಆ ಅನುಕೂಲ ಇಲ್ಲ. ಕೀಲಿನೊಳಗಿನ ಅಂಟು ನೀರಿನಿಂದಲೇ ಅದು ಬದುಕಬೇಕು. ಕಾಲು ಊರಿದಾಗ ಹಿಂಡಿಕೊಳ್ಳುತ್ತದೆ, ಎತ್ತಿದಾಗ ಹೀರಿಕೊಳ್ಳುತ್ತದೆ, ಪಾತ್ರೆ ತೊಳೆಯುವ ಸ್ಪಂಜಿನ ಹಾಗೆ. ಒಮ್ಮೆ ಹಾಳಾದ ಕಾರ್ಟಿಲೇಜ್ ತಾನಾಗಿ ಮೊದಲಿನಂತಾಗುವುದಿಲ್ಲ ಎಂದು ವಿಲಿಯಂ ಹಂಟರ್ ಎಂಬ ವೈದ್ಯರು ಲಂಡನ್ನಿನಲ್ಲಿ 1743ರಲ್ಲೇ ಬರೆದಿದ್ದರು.

ಎರಡನೆಯದು, ಇದರಲ್ಲಿ ನರಗಳಿಲ್ಲ. ಅಂದರೆ ಕಾರ್ಟಿಲೇಜಿಗೆ ನೋವೇ ಗೊತ್ತಾಗುವುದಿಲ್ಲ. ಮಂಡಿ ನೋಯುವುದು ಕೆಳಗಿನ ಮೂಳೆಗೆ ಪೆಟ್ಟು ತಾಗಿದಾಗ ಅಥವಾ ಕೀಲಿನ ಒಳಪೊರೆ ಊದಿಕೊಂಡಾಗ. ಗುಂಡಿ ಬಿದ್ದಿದ್ದರೂ ನೋವಿಲ್ಲದೆ ಇರಬಹುದು. ಗುಂಡಿ ತುಂಬಿದ್ದರೂ ನೋವು ಉಳಿಯಬಹುದು. ಹಾಗಾಗಿ "ನೋವು ಹೋಯಿತಾ?" ಎಂಬ ಒಂದೇ ಪ್ರಶ್ನೆಯಿಂದ ಡಾಕ್ಟರ್ ತೀರ್ಮಾನಕ್ಕೆ ಬರುವುದಿಲ್ಲ.

ಬೋರ್‌ವೆಲ್, ಹೆಂಚು, ನರ್ಸರಿ ಸಸಿ

ರಿಪೇರಿಯ ದಾರಿಗಳು ಹಲವು. ಮುಖ್ಯವಾದವು ಮೂರು. ಇವುಗಳಿಗೆ ಕೋಲಾರದವರಿಗೆ ಹೋಲಿಕೆ ಹುಡುಕಬೇಕಾಗಿಲ್ಲ.

ಒಂದು, ಮೈಕ್ರೋಫ್ರಾಕ್ಚರ್. ಗುಂಡಿ ಬಿದ್ದ ಜಾಗವನ್ನು ಚೊಕ್ಕ ಮಾಡಿ, ಕೆಳಗಿನ ಮೂಳೆಯಲ್ಲಿ ಸಣ್ಣ ಸಣ್ಣ ತೂತು ಕೊರೆಯುತ್ತಾರೆ. ಮಜ್ಜೆಯ ರಕ್ತ ಮೇಲೆ ಬಂದು ಹೆಪ್ಪುಗಟ್ಟುತ್ತದೆ. ಅದರಲ್ಲಿರುವ ಕೋಶಗಳು ನಿಧಾನವಾಗಿ ಹೊಸ ಪದರ ಕಟ್ಟುತ್ತವೆ. ಒಣಗಿದ ನೆಲದಲ್ಲಿ ಬೋರ್ ಕೊರೆದು ನೀರು ತಂದ ಹಾಗೆ. 1980ರ ದಶಕದಲ್ಲಿ ಅಮೆರಿಕದ ರಿಚರ್ಡ್ ಸ್ಟೆಡ್‌ಮನ್ ಎಂಬ ಸರ್ಜನ್ ಬೆಳೆಸಿದ ವಿಧಾನ ಇದು. ಸುಮಾರು 2 ಚದರ ಸೆಂಟಿಮೀಟರ್‌ವರೆಗಿನ ಸಣ್ಣ ಗುಂಡಿಗೆ ಹೊಂದುತ್ತದೆ. ನಮ್ಮ ಹುಡುಗನಿಗೆ ಮಾಡಿದ್ದು ಇದೇ.

ಎರಡು, ಭಾರ ಬೀಳದ ಜಾಗದಿಂದ ಮೂಳೆ ಸಮೇತ ಕಾರ್ಟಿಲೇಜಿನ ಸಣ್ಣ ಬಿರಡೆ ತೆಗೆದು ಗುಂಡಿಗೆ ಕೂರಿಸುವುದು. ಸೂರಿನ ಅಂಚಿನ ಹೆಂಚು ತೆಗೆದು ನಡುಮನೆ ಮೇಲೆ ಸೋರುವಲ್ಲಿ ಹಾಕುತ್ತೇವಲ್ಲ, ಹಾಗೆ. ಹಂಗೇರಿಯ ಲಾಸ್ಲೊ ಹಂಗೋಡಿ 1990ರ ದಶಕದಲ್ಲಿ ಇದನ್ನು ಹೆಸರುವಾಸಿ ಮಾಡಿದರು.

ಮೂರು, ರೋಗಿಯದೇ ಕಾರ್ಟಿಲೇಜಿನಿಂದ ಚೂರು ತೆಗೆದು, ಅದರ ಕೋಶಗಳನ್ನು ಲ್ಯಾಬಿನಲ್ಲಿ ಕೆಲವು ವಾರ ಬೆಳೆಸಿ, ಮತ್ತೆ ತಂದು ಕೂರಿಸುವುದು. ಟೊಮೆಟೊ ಬೀಜವನ್ನು ನೇರ ಹೊಲಕ್ಕೆ ಎರಚುವುದಿಲ್ಲ ಅಲ್ವಾ? ನರ್ಸರಿ ಟ್ರೇಯಲ್ಲಿ ಸಸಿ ಮಾಡಿ ನಾಟಿ ಮಾಡುತ್ತೇವೆ. ಇದೂ ಹಾಗೇ. ಸ್ವೀಡನ್ನಿನ ತಂಡವೊಂದು 1994ರಲ್ಲಿ ಇದರ ಮೊದಲ ಫಲಿತಾಂಶ ಪ್ರಕಟಿಸಿತು. ಗುಂಡಿ ದೊಡ್ಡದಿದ್ದರೆ, ಅಂದರೆ ಈಗಿನ ಒಂದು ರೂಪಾಯಿ ನಾಣ್ಯದಷ್ಟಿದ್ದರೆ, ಈ ದಾರಿ ಯೋಚಿಸುತ್ತಾರೆ.

ಇಲ್ಲೊಂದು ಮಾತು ಹೇಳಲೇಬೇಕು. ವಯಸ್ಸಾಗಿ ಇಡೀ ಮಂಡಿ ಸವೆದವರಿಗೆ ಇವು ಸಾಮಾನ್ಯವಾಗಿ ಹೊಂದುವುದಿಲ್ಲ. ಅದು ಬೇರೆ ಸಮಸ್ಯೆ, ಬೇರೆ ಚಿಕಿತ್ಸೆ. ಗೋಡೆ ಗಟ್ಟಿ ಇದ್ದು ಒಂದು ಕಡೆ ಗಾರೆ ಉದುರಿದ್ದರೆ ತೇಪೆ ಹಾಕಬಹುದು. ಇಡೀ ಗೋಡೆ ಪುಡಿಯಾಗುತ್ತಿದ್ದರೆ ತೇಪೆ ಎಲ್ಲಿ ನಿಲ್ಲುತ್ತದೆ?

ಕ್ಯೂರಿಂಗ್ ಆಗದ ನೆಲ

ಮನೆಯಲ್ಲಿ ರೆಡ್ ಆಕ್ಸೈಡ್ ನೆಲಕ್ಕೆ ತೇಪೆ ಹಾಕಿಸಿದ್ದರೆ ನಿಮಗೆ ಗೊತ್ತು. ಮೇಸ್ತ್ರಿ ಕೆಲಸ ಮುಗಿಸಿ ಹೋದ ದಿನ ನೆಲ ಚೆಂದವೇ ಕಾಣುತ್ತದೆ. ಆದರೆ ಕಾಲಿಡಲು ಬಿಡುವುದಿಲ್ಲ. ನೀರು ಕಟ್ಟಿ ಕ್ಯೂರಿಂಗ್ ಆಗಬೇಕು. ಕಾರ್ಟಿಲೇಜಿನ ಕ್ಯೂರಿಂಗ್ ದಿನಗಳಲ್ಲಿ ಮುಗಿಯುವುದಿಲ್ಲ. ತಿಂಗಳುಗಳು, ಕೆಲವು ಚಿಕಿತ್ಸೆಗಳಲ್ಲಿ ಒಂದೂವರೆ ವರ್ಷವೂ ಬೇಕು.

ಹಾಗಾಗಿ "ವಾಸಿ ಆಗಿದೆಯಾ?" ಎಂಬ ಪ್ರಶ್ನೆಗೆ ಪ್ರತಿ ಹಂತದಲ್ಲೂ ಅರ್ಥ ಬೇರೆ. ಮೊದಲ ಆರರಿಂದ ಎಂಟು ವಾರ ಊರುಗೋಲು. ಗುಂಡಿ ತೊಡೆ ಮೂಳೆಯ ಮೇಲಿದ್ದರೆ ಪೂರ್ತಿ ಭಾರ ಬಿಡುವಂತಿಲ್ಲ. ಆದರೆ ಕಾಲನ್ನು ಅಲ್ಲಾಡಿಸದೆ ಇಡುವಂತೆಯೂ ಇಲ್ಲ. ಮಡಚಿ ಬಿಡಿಸುತ್ತಿದ್ದರೇ ಹೊಸ ಪದರಕ್ಕೆ ಆಹಾರ. ಆಗ ಡಾಕ್ಟರ್ ನೋಡುವುದು ಗಾಯ ಮಾಯ್ದಿದೆಯಾ, ಕಾಲು ಪೂರ್ತಿ ನೇರವಾಗುತ್ತಿದೆಯಾ, ಎಷ್ಟು ಮಡಚುತ್ತಿದೆ ಅನ್ನುವುದನ್ನು ಮಾತ್ರ. ಮೂರು ತಿಂಗಳಿಗೆ ಕುಂಟದೆ ನಡೆಯುತ್ತಾರಾ, ಮೆಟ್ಟಿಲು ಹತ್ತುತ್ತಾರಾ. ಆರು ತಿಂಗಳಿಗೆ ತೊಡೆಯ ಶಕ್ತಿ. ಆಮೇಲೆ ಓಟ. ಕಬಡ್ಡಿಯಂಥ ತಿರುಚುವ ಆಟಕ್ಕೆ ಒಂಬತ್ತು ತಿಂಗಳಿಂದ ಒಂದು ವರ್ಷ, ಕೋಶ ಬೆಳೆಸಿ ಹಾಕಿದ್ದರೆ ಇನ್ನೂ ತಡ.

ಪಕ್ಕದ ಮನೆಯವರು ಮೂರು ತಿಂಗಳಿಗೇ ಬೈಕ್ ಓಡಿಸಿದರು ಅಂತ ಹೋಲಿಸಿ ಕೊರಗುವವರನ್ನು ನೋಡಿದ್ದೇನೆ. ಅವರದ್ದು ಬೇರೆ ಆಪರೇಷನ್ ಇರಬಹುದು, ಬೇರೆ ಜಾಗದ ಗುಂಡಿ ಇರಬಹುದು. ಮಂಡಿಚಿಪ್ಪಿನ ಹಿಂದಿನ ಗುಂಡಿಗೆ ಬ್ರೇಸ್ ಹಾಕಿ ಕಾಲು ನೇರ ಇಟ್ಟುಕೊಂಡು ಬೇಗ ಭಾರ ಬಿಡಲು ಹೇಳುವುದುಂಟು. ಯಾಕೆಂದರೆ ಕಾಲು ನೇರ ಇದ್ದಾಗ ಚಿಪ್ಪಿನ ಮೇಲೆ ಒತ್ತಡ ಕಡಿಮೆ.

ಕೈ, ಟೇಪು, ಕೋನಮಾಪಕ

ತಪಾಸಣೆ ಶುರುವಾಗುವುದು ನೀವು ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವಾಗಲೇ. ಹೆಜ್ಜೆ ಸಮ ಬೀಳುತ್ತಿದೆಯಾ, ಕುರ್ಚಿಯಲ್ಲಿ ಕೂರುವಾಗ ಒಂದು ಕಾಲನ್ನು ಮುಂದೆ ಚಾಚಿ ಕಾಪಾಡಿಕೊಳ್ಳುತ್ತೀರಾ, ಇದನ್ನೆಲ್ಲ ಅವರು ಮಾತಾಡುತ್ತಲೇ ನೋಡಿರುತ್ತಾರೆ.

ನಂತರ ಊತ. ಮಂಡಿಚಿಪ್ಪಿನ ಮೇಲ್ಭಾಗವನ್ನು ಒಂದು ಕೈಯಲ್ಲಿ ಅದುಮಿ ಇನ್ನೊಂದು ಕೈಯ ಬೆರಳಿನಿಂದ ಚಿಪ್ಪನ್ನು ತಟ್ಟುತ್ತಾರೆ. ಒಳಗೆ ನೀರು ತುಂಬಿದ್ದರೆ ಚಿಪ್ಪು ತೇಲಿ ಮೂಳೆಗೆ ಟಕ್ ಎಂದು ಬಡಿಯುತ್ತದೆ. ಈ ಊತವನ್ನು ಹಗುರಾಗಿ ನೋಡಬಾರದು. ನಾವು ನಿನ್ನೆ ಜಾಸ್ತಿ ನಡೆದಿದ್ದರೆ ಮಂಡಿ ಇವತ್ತು ಊದಿ ಹೇಳುತ್ತದೆ. ಫಿಸಿಯೋ ಮಾಡಿಸುವವರು ಇದನ್ನೇ ಅಳತೆ ಮಾಡಿಕೊಂಡು ವ್ಯಾಯಾಮ ಏರಿಸುತ್ತಾರೆ, ಇಳಿಸುತ್ತಾರೆ.

ಮಡಚುವ ಅಳತೆಗೆ ಶಾಲೆಯ ಕೋನಮಾಪಕದಂಥ ಒಂದು ಪಟ್ಟಿ ಇರುತ್ತದೆ. ಸಮತಟ್ಟಾದ ನೆಲದಲ್ಲಿ ನಡೆಯಲು ಮಂಡಿ 60-70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲಿಗೆ 90ರ ಆಸುಪಾಸು. ಕುಕ್ಕರಗಾಲಲ್ಲಿ ಕೂರಲು 130ಕ್ಕಿಂತ ಜಾಸ್ತಿ ಬೇಕು. ಡಾಕ್ಟರ್ "110 ಬಂದಿದೆ, ಪರವಾಗಿಲ್ಲ" ಅಂದಾಗ ಅದರ ಅರ್ಥ ನಡೆಯಬಹುದು, ಮೆಟ್ಟಿಲು ಹತ್ತಬಹುದು, ಆದರೆ ಹಸು ಹಾಲು ಕರೆಯಲು ಕೂರುವುದು ಇನ್ನೂ ಆಗಲ್ಲ ಎಂದು.

ಟೇಪು ತೊಡೆಗೆ. ಮಂಡಿಚಿಪ್ಪಿನಿಂದ 10 ಅಥವಾ 15 ಸೆಂಟಿಮೀಟರ್ ಮೇಲೆ ಗುರುತು ಹಾಕಿ ಎರಡೂ ತೊಡೆಯ ಸುತ್ತಳತೆ ತೆಗೆಯುತ್ತಾರೆ. ಭಾರ ಬಿಡದ ಕಾಲಿನ ತೊಡೆ ಕೆಲವೇ ವಾರಗಳಲ್ಲಿ ಬತ್ತುತ್ತದೆ. ತೊಡೆಯ ಮುಂಭಾಗದ ಸ್ನಾಯು ಮಂಡಿಯ ಶಾಕ್ ಅಬ್ಸಾರ್ಬರ್ ಇದ್ದ ಹಾಗೆ. ಅದು ಸೊರಗಿದ್ದರೆ ಪ್ರತಿ ಹೆಜ್ಜೆಯ ಪೆಟ್ಟೂ ನೇರ ಹೊಸ ಪದರದ ಮೇಲೆ.

ಫಾರಂ ತುಂಬುವುದು ಸುಮ್ನೆ ಅಲ್ಲ

ಈಗ ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಬರುತ್ತೇನೆ. ಜನ ಅತ್ಯಂತ ಅಸಡ್ಡೆ ಮಾಡುವುದೂ ಇದನ್ನೇ.

ಪ್ರತಿ ತಪಾಸಣೆಯಲ್ಲೂ ಒಂದು ಪ್ರಶ್ನೆಪಟ್ಟಿ ಕೊಡುತ್ತಾರೆ, ಅಥವಾ ಓದಿ ಕೇಳಿ ಟಿಕ್ ಹಾಕುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಒಂದಕ್ಕೆ ಕೂಸ್ ಎಂದು ಹೆಸರು. ಇದು ಪ್ರಕಟವಾಗಿದ್ದು 1998ರಲ್ಲಿ. ಒಟ್ಟು 42 ಪ್ರಶ್ನೆ, ಐದು ಭಾಗ. ನೋವಿನ ಬಗ್ಗೆ 9, ಊತ, ಬಿಗಿತ, ಕಟಕಟ ಸದ್ದಿನಂಥ ತೊಂದರೆಗಳ ಬಗ್ಗೆ 7, ದಿನದ ಕೆಲಸಗಳ ಬಗ್ಗೆ 17, ಆಟ ಓಟದ ಬಗ್ಗೆ 5, ಮಂಡಿಯಿಂದ ಬದುಕು ಎಷ್ಟು ಬದಲಾಗಿದೆ ಎಂಬ ಬಗ್ಗೆ 4. ಪ್ರತಿ ಭಾಗಕ್ಕೂ ಬೇರೆ ಬೇರೆ ಅಂಕ. 0 ಅಂದರೆ ವಿಪರೀತ ತೊಂದರೆ, 100 ಅಂದರೆ ತೊಂದರೆಯೇ ಇಲ್ಲ. ಐಕೆಡಿಸಿ ಎಂಬ ಇನ್ನೊಂದು ಪಟ್ಟಿಯಲ್ಲಿ 18 ಪ್ರಶ್ನೆ. 1980ರ ದಶಕದಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡ ಲಿಶೋಮ್ ಪಟ್ಟಿ ಇನ್ನೂ ಚಿಕ್ಕದು, ಎಂಟೇ ಅಂಶ, ಒಟ್ಟು 100 ಅಂಕ.

ಅಂಕ ಯಾಕೆ? "ಸ್ವಲ್ಪ ವಾಸಿ" ಎಂಬ ಮಾತನ್ನು ಹೋಲಿಸಲು ಆಗುವುದಿಲ್ಲ. ಜನವರಿಯ "ಸ್ವಲ್ಪ" ಎಷ್ಟು, ಜೂನಿನ "ಸ್ವಲ್ಪ" ಎಷ್ಟು? ಡೈರಿಯಲ್ಲಿ ಹಾಲಿನ ಕೊಬ್ಬು ಅಳೆಯುವ ಮೊದಲು "ಹಾಲು ಗಟ್ಟಿ ಇದೆ" ಅನ್ನುತ್ತಿದ್ದರು. ಈಗ ಅಂಕಿಯಲ್ಲಿ ಹೇಳುತ್ತಾರೆ, ನಿನ್ನೆಯದಕ್ಕೆ ಹೋಲಿಸುತ್ತಾರೆ. ಇಲ್ಲೂ ಅದೇ. ಆಪರೇಷನ್ನಿಗೆ ಮುಂಚೆ ಒಮ್ಮೆ ತುಂಬಿಸಿದ ಫಾರಂ ಬುಡ. ಆಮೇಲಿನ ಎಲ್ಲವನ್ನೂ ಅದರ ಪಕ್ಕ ಇಟ್ಟು ನೋಡುತ್ತಾರೆ. ಎರಡು ಮೂರು ಅಂಕ ಹೆಚ್ಚು ಕಡಿಮೆ ಆದರೆ ಅದು ಆ ದಿನದ ಮನಸ್ಸಿನ ಸ್ಥಿತಿಯೂ ಇರಬಹುದು. ಕೂಸ್ ಪಟ್ಟಿಯಲ್ಲಿ ಸಾಮಾನ್ಯವಾಗಿ 8ರಿಂದ 10 ಅಂಕದ ಬದಲಾವಣೆ ಆದರೆ ರೋಗಿಗೇ ಅನುಭವಕ್ಕೆ ಬರುವಷ್ಟು ಬದಲಾಗಿದೆ ಎಂದು ತೆಗೆದುಕೊಳ್ಳುತ್ತಾರೆ.

ನಮ್ಮಲ್ಲಿ ಒಂದು ತೊಂದರೆ ಇದೆ. ಡಾಕ್ಟರ್ ಮುಂದೆ ಕೂತ ತಕ್ಷಣ "ಪರವಾಗಿಲ್ಲ ಸಾರ್, ಚೆನ್ನಾಗಿದೀನಿ" ಅನ್ನುತ್ತೇವೆ. ಅವರ ಮನಸ್ಸು ನೋಯಿಸಬಾರದು ಎಂಬ ಮರ್ಯಾದೆ. ನಮ್ಮ ಅಮ್ಮಂದಿರಂತೂ ರಾತ್ರಿಯೆಲ್ಲ ಮಂಡಿ ಹಿಡಿದುಕೊಂಡು ಕೂತಿದ್ದರೂ ಬೆಳಿಗ್ಗೆ "ಏನಿಲ್ಲಪ್ಪ" ಅನ್ನುತ್ತಾರೆ. ಫಾರಂ ಈ ಮರ್ಯಾದೆಯನ್ನು ದಾಟಲಿಕ್ಕೇ ಇರುವುದು. ಕಾಲುಚೀಲ ಹಾಕಿಕೊಳ್ಳಲು ಕಷ್ಟವಾ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಕಷ್ಟವಾ ಎಂದು ಬಿಡಿಬಿಡಿಯಾಗಿ ಕೇಳಿದಾಗ ನಿಜ ಹೊರಬರುತ್ತದೆ. ದಯವಿಟ್ಟು ಪಕ್ಕದಲ್ಲಿ ಕೂತ ಮಗನೋ ಗಂಡನೋ ಉತ್ತರ ಹೇಳಬೇಡಿ. ನೋವು ಯಾರದ್ದೋ ಅವರೇ ಹೇಳಬೇಕು.

ಇನ್ನೊಂದು ವಿಷಯ. ಈ ಪಟ್ಟಿಗಳು ಹುಟ್ಟಿದ್ದು ಹೊರದೇಶಗಳಲ್ಲಿ. ಲಿಶೋಮ್ ಪಟ್ಟಿಯ 100 ಅಂಕದಲ್ಲಿ ನೋವಿಗೆ 25, ಕಾಲು ಜಾರಿದಂತಾಗುವುದಕ್ಕೆ 25. ಕುಕ್ಕರಗಾಲಲ್ಲಿ ಕೂರುವುದಕ್ಕೆ ಬರೀ 5. ನಮಗೆ ಹಾಗಲ್ಲ. ಕಳೆ ಕೀಳುವುದು, ಟೊಮೆಟೊ ಬಿಡಿಸುವುದು, ಹಿಪ್ಪುನೇರಳೆ ಬುಡ ಕತ್ತರಿಸುವುದು, ಹಾಲು ಕರೆಯುವುದು, ಎಷ್ಟೋ ಮನೆಗಳಲ್ಲಿ ಶೌಚಾಲಯ ಕೂಡ, ಎಲ್ಲಕ್ಕೂ ಕೂರಬೇಕು. ಪಟ್ಟಿಯಲ್ಲಿ 95 ಬಂದು ಹೊಲದಲ್ಲಿ ಕೂರಲಾಗದಿದ್ದರೆ ಆ 95ರಿಂದ ಮನೆ ನಡೆಯುವುದಿಲ್ಲ. ಹಾಗಾಗಿ ನಿಮ್ಮ ಕೆಲಸ ಏನು, ದಿನಕ್ಕೆ ಎಷ್ಟು ಹೊತ್ತು ಕೆಳಗೆ ಕೂರಬೇಕು ಎಂದು ಮೊದಲ ಭೇಟಿಯಲ್ಲೇ ಹೇಳಿ. ಕೂರುವುದೇ ನಿಮ್ಮ ಗುರಿ ಅಂತ ಗೊತ್ತಾದರೆ ಫಿಸಿಯೋದವರು ಅದಕ್ಕೆ ತಕ್ಕಂತೆ ಮಾಡಿಸುತ್ತಾರೆ. ಆಗಲೇಬಾರದು ಅಂತಿದ್ದರೆ ಅದನ್ನೂ ಮೊದಲೇ ಹೇಳುತ್ತಾರೆ.

ಕುಂಟೋಬಿಲ್ಲೆ ಪರೀಕ್ಷೆ

ಕಾರಿಡಾರಿನಲ್ಲಿ ಕುಪ್ಪಳಿಸಿದ್ದು ಚಿಕ್ಕಂದಿನ ಕುಂಟೋಬಿಲ್ಲೆಯ ಹಾಗೇ ಕಾಣಿಸಿತು. ಅದು ನಿಜವಾದ ಪರೀಕ್ಷೆ. ಒಂಟಿ ಕಾಲಲ್ಲಿ ನಿಂತು, ಸಾಧ್ಯವಾದಷ್ಟು ದೂರ ಹಾರಿ, ಅದೇ ಕಾಲಲ್ಲಿ ತೂರಾಡದೆ ನಿಲ್ಲಬೇಕು. ಮೊದಲು ಚೆನ್ನಾಗಿರುವ ಕಾಲು, ಆಮೇಲೆ ರಿಪೇರಿ ಆದ ಕಾಲು. ಎರಡನ್ನೂ ಅಳೆದು ಶೇಕಡಾ ಲೆಕ್ಕ ಹಾಕುತ್ತಾರೆ.

ನಮ್ಮ ಹುಡುಗ ಒಳ್ಳೆ ಕಾಲಲ್ಲಿ 150 ಸೆಂಟಿಮೀಟರ್ ಹಾರಿದ. ರಿಪೇರಿ ಕಾಲಲ್ಲಿ 126. ಅಂದರೆ ಶೇ. 84. ಆಟಕ್ಕೆ ಬಿಡುವ ಮುಂಚೆ ಸಾಮಾನ್ಯವಾಗಿ ಶೇ. 90 ಕೇಳುತ್ತಾರೆ. ತೊಡೆಯ ಶಕ್ತಿಯನ್ನೂ ಹೀಗೇ ಎರಡು ಕಾಲಿಗೂ ಹೋಲಿಸಿ ನೋಡುತ್ತಾರೆ.

ದೂರ ಮಾತ್ರ ಅಲ್ಲ, ಇಳಿಯುವ ರೀತಿಯನ್ನೂ ನೋಡುತ್ತಾರೆ. ಇಳಿದಾಗ ಮಂಡಿ ಒಳಗೆ ವಾಲಿದರೆ, ಮುಖದಲ್ಲಿ ಹೆದರಿಕೆ ಕಂಡರೆ, ಅಂಕ ಬಂದರೂ ಒಪ್ಪುವುದಿಲ್ಲ. ಈ ಲೆಕ್ಕದಲ್ಲಿ ಒಂದು ಮೋಸವೂ ಇದೆ, ಅನುಭವ ಇರುವ ಡಾಕ್ಟರಿಗೆ ಅದು ಗೊತ್ತು. ತಿಂಗಳುಗಟ್ಟಲೆ ಮನೆಯಲ್ಲಿದ್ದರೆ ಒಳ್ಳೆ ಕಾಲೂ ಸೊರಗಿರುತ್ತದೆ. ಎರಡೂ ಸೊರಗಿದ್ದರೆ ಶೇಕಡಾ ಸುಲಭವಾಗಿ 90 ದಾಟುತ್ತದೆ. ಅದಕ್ಕೇ ಸೆಂಟಿಮೀಟರನ್ನೂ ಬರೆದಿಡುತ್ತಾರೆ.

ವಯಸ್ಸಾದವರಿಗೆ, ಆಟ ಆಡದವರಿಗೆ ಕುಪ್ಪಳಿಸಲು ಹೇಳುವುದಿಲ್ಲ. ಕೈ ಊರದೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ, 6 ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂದು ನೋಡುತ್ತಾರೆ. ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿ ತಾನೇ ಪರೀಕ್ಷೆ ಮಾಡಿಕೊಳ್ಳೋಣ ಅಂತ ಹೊರಡಬೇಡಿ. ಇಳಿಯುವಾಗ ಮಂಡಿಚಿಪ್ಪಿನ ಹಿಂದೆ ನಿಮ್ಮ ತೂಕದ ಹಲವು ಪಟ್ಟು ಒತ್ತಡ ಬೀಳುತ್ತದೆ. ಫಿಸಿಯೋ ಒಪ್ಪಿದ ಮೇಲೆ ಹೋಗಿ, ನಂದಿಯ ಬಾಯಿಂದ ಬರುವ ನೀರು ಎಲ್ಲಿಗೂ ಹೋಗುವುದಿಲ್ಲ.

ಹಾಗಾದರೆ ಸ್ಕ್ಯಾನ್ ಯಾಕೆ?

ಅಕ್ಕನ ಪ್ರಶ್ನೆಗೆ ಬಂದೆವು. ಎಕ್ಸ್‌ರೇಯಲ್ಲಿ ಕಾರ್ಟಿಲೇಜ್ ಕಾಣುವುದಿಲ್ಲ. ಮೂಳೆ ಹೇಗಿದೆ, ಕಾಲು ಒಳಗೋ ಹೊರಗೋ ಬಾಗಿದೆಯಾ ಅನ್ನುವುದು ಮಾತ್ರ ಕಾಣುತ್ತದೆ. ಪದರವನ್ನೇ ನೋಡಬೇಕೆಂದರೆ, ಮತ್ತೆ ಮಂಡಿ ತೂತು ಮಾಡದೆ, ಇರುವ ಒಳ್ಳೆಯ ದಾರಿ ಎಂಆರ್‌ಐ.

ಅದರಲ್ಲಿ ಏನು ನೋಡುತ್ತಾರೆ? ನೆಲದ ತೇಪೆಯನ್ನು ನೀವು ಹೇಗೆ ನೋಡುತ್ತೀರೋ ಹಾಗೇ. ಗುಂಡಿ ಎಷ್ಟು ತುಂಬಿದೆ? ಸುತ್ತಲಿನ ಮಟ್ಟಕ್ಕೆ ಬಂದಿದೆಯಾ, ತಗ್ಗಿದೆಯಾ, ಉಬ್ಬಿದೆಯಾ? ಹಳೆಯದಕ್ಕೂ ಹೊಸದಕ್ಕೂ ನಡುವೆ ಸಂದು ಬಿಟ್ಟಿದೆಯಾ? ಮೇಲ್ಮೈ ನುಣ್ಣಗಿದೆಯಾ, ಬಿರುಕು ಇದೆಯಾ? ಒಳಗೆ ಒಂದೇ ಸಮ ಇದೆಯಾ? ಕೆಳಗಿನ ಮೂಳೆ ಹೇಗಿದೆ? ಇವಕ್ಕೆಲ್ಲ ಅಂಕ ಕೊಟ್ಟು 100ಕ್ಕೆ ಲೆಕ್ಕ ಹಾಕುವ ಪದ್ಧತಿಯ ಹೆಸರು ಮೊಕಾರ್ಟ್. ವಿಯೆನ್ನಾದ ವೈದ್ಯರು 2004ರ ಹೊತ್ತಿಗೆ ಇದರ ಅಂಶಗಳನ್ನು ಗುರುತಿಸಿದರು. 2019ರಲ್ಲಿ ಪರಿಷ್ಕರಿಸಿದ ಪಟ್ಟಿ ಬಂತು. ಕೆಲವು ಕಡೆ ಟಿ2 ಮ್ಯಾಪಿಂಗ್ ಎಂಬ ವಿಶೇಷ ಚಿತ್ರವನ್ನೂ ತೆಗೆಯುತ್ತಾರೆ. ಪದರದಲ್ಲಿ ನೀರು ಎಷ್ಟಿದೆ, ಕೊಲಾಜನ್ ಎಳೆಗಳು ಎಷ್ಟು ಓರಣವಾಗಿವೆ ಎಂಬುದನ್ನು ಅದು ಬಣ್ಣಗಳಲ್ಲಿ ತೋರಿಸುತ್ತದೆ.

ಈಗ ಮುಖ್ಯ ಮಾತು. ಸ್ಕ್ಯಾನಿನ ಅಂಕಕ್ಕೂ ರೋಗಿಯ ಅನುಭವಕ್ಕೂ ಹೊಂದಾಣಿಕೆ ಅಷ್ಟಕ್ಕಷ್ಟೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಇದೇ ಕಂಡಿದೆ. ಪೂರ್ತಿ ತುಂಬದ ಗುಂಡಿ ಇಟ್ಟುಕೊಂಡು ಆರಾಮಾಗಿ ಓಡಾಡುವವರಿದ್ದಾರೆ. ಚಿತ್ರದಲ್ಲಿ ಎಲ್ಲ ಸರಿ ಇದ್ದೂ ನೋಯುವವರಿದ್ದಾರೆ. ರೇಷ್ಮೆ ಗೂಡು ನೋಡಲು ಗಟ್ಟಿಯಾಗಿ ಬೆಳ್ಳಗಿದ್ದರೂ ನೂಲು ಬಿಚ್ಚಿದಾಗಲೇ ಎಳೆ ಎಷ್ಟು ದೂರ ಬರುತ್ತದೆ ಗೊತ್ತಾಗುವುದು. ಗೂಡು ನೋಡುವುದು ದಂಡ ಅಂತ ಯಾವ ರೀಲರೂ ಹೇಳುವುದಿಲ್ಲ. ಎರಡೂ ಬೇಕು.

ಸಮಯದ ಲೆಕ್ಕವೂ ಇದೆ. ಎಳೆಯ ಪದರದಲ್ಲಿ ನೀರು ಜಾಸ್ತಿ, ಎಳೆಗಳು ಇನ್ನೂ ಚೆಲ್ಲಾಪಿಲ್ಲಿ. ಸ್ಕ್ಯಾನಿನಲ್ಲಿ ಅದು ಸುತ್ತಲಿನ ಕಾರ್ಟಿಲೇಜಿಗಿಂತ ಬೇರೆಯಾಗಿ ಕಾಣುತ್ತದೆ. ಬಲಿಯುತ್ತಾ ಬಂದ ಹಾಗೆ ವ್ಯತ್ಯಾಸ ಕಡಿಮೆಯಾಗುತ್ತದೆ. ಕೆಳಗಿನ ಮೂಳೆಯಲ್ಲಿ ನೀರು ತುಂಬಿದಂತೆ ಕಾಣುವುದೂ ತಿಂಗಳುಗಟ್ಟಲೆ ಉಳಿಯಬಹುದು. ರಿಪೋರ್ಟ್ ಬರೆಯುವವರು ಕಂಡದ್ದನ್ನು ಬರೆಯುತ್ತಾರೆ, ಅದು ಅವರ ಕೆಲಸ. ಎಂಟು ತಿಂಗಳಿಗೆ ಅದು ಸಹಜವೋ ಅಲ್ಲವೋ ಅನ್ನುವುದನ್ನು ಕಾಲು ಮುಟ್ಟಿ ನೋಡಿದ ಡಾಕ್ಟರ್ ಹೇಳಬೇಕು. ನಮ್ಮ ಹುಡುಗನ ಮಂಡಿಯಲ್ಲಿ ಊತ ಇರಲಿಲ್ಲ, ಪೂರ್ತಿ ಮಡಚುತ್ತಿತ್ತು, ಫಾರಮ್ಮಿನ ಅಂಕ ಏರುತ್ತಿತ್ತು. ಅಂಥ ಕಾಲಿಗೆ "ಪೂರ್ತಿ ತುಂಬಿಲ್ಲ" ಎಂಬ ಸಾಲಿನ ಅರ್ಥ ಒಂದು. ಊದಿ ಕುಂಟುವ ಕಾಲಿಗೆ ಅದೇ ಸಾಲಿನ ಅರ್ಥ ಇನ್ನೊಂದು.

ಸ್ಕ್ಯಾನ್ ನಿಜಕ್ಕೂ ಕೈಹಿಡಿಯುವುದು ಏನೋ ಎಡವಟ್ಟಾದಾಗ. ಹೊಸ ಪದರ ಅಂಚಿನಲ್ಲಿ ಎದ್ದಿದೆಯಾ, ಅತಿಯಾಗಿ ಬೆಳೆದು ತಡೆಯುತ್ತಿದೆಯಾ, ತುಣುಕು ಕಳಚಿ ಓಡಾಡುತ್ತಿದೆಯಾ ಅನ್ನುವುದನ್ನು ಕೈಯಿಂದ ಕಂಡುಹಿಡಿಯುವುದು ಕಷ್ಟ.

ಮತ್ತೊಮ್ಮೆ ಒಳಗೆ ಇಣುಕುವುದು

ದೂರ್ಬೀನು ಹಾಕಿ ಕಣ್ಣಾರೆ ನೋಡಿ, ಸಣ್ಣ ಕಡ್ಡಿಯಿಂದ ಒತ್ತಿ, ಬೇಕಾದರೆ ಚೂರು ತೆಗೆದು ಪರೀಕ್ಷಿಸುವುದೂ ಉಂಟು. ಕಂಡದ್ದಕ್ಕೆ 12 ಅಂಕದ ಒಂದು ಪದ್ಧತಿ ಇದೆ. ತುಂಬಿದ್ದಕ್ಕೆ 4, ಅಂಚು ಬೆಸೆದದ್ದಕ್ಕೆ 4, ಮೇಲ್ಮೈಗೆ 4. ಮೊದಲು ಹೇಳಿದ ಸ್ವೀಡನ್ನಿನ 1994ರ ವರದಿಯಲ್ಲಿ 23 ರೋಗಿಗಳನ್ನು ಹೀಗೂ ನೋಡಿದ್ದರು. ತೊಡೆ ಮೂಳೆಯ ಮೇಲೆ ಕೋಶ ಹಾಕಿಸಿಕೊಂಡ 16 ಜನರಲ್ಲಿ 14 ಮಂದಿಗೆ ಎರಡು ವರ್ಷದ ಮೇಲೆ ಒಳ್ಳೆಯ ಫಲ. ಮಂಡಿಚಿಪ್ಪಿನ ಹಿಂದೆ ಹಾಕಿಸಿಕೊಂಡ 7 ಜನರಲ್ಲಿ ಇಬ್ಬರಿಗೆ ಮಾತ್ರ. ಚಿಕಿತ್ಸೆ ಒಂದೇ ಆದರೂ ಜಾಗ ಬೇರೆ ಆದರೆ ಫಲ ಬೇರೆ ಎಂಬುದು ಆಗಲೇ ಕಂಡಿತ್ತು.

ಇದೂ ಒಂದು ಆಪರೇಷನ್ನೇ ಆದ್ದರಿಂದ ಚೆನ್ನಾಗಿರುವವರಿಗೆ ಸುಮ್ನೆ ಮಾಡುವುದಿಲ್ಲ. ಸಂಶೋಧನೆಯಲ್ಲಿ, ಅಥವಾ ತೊಂದರೆ ಮುಂದುವರಿದಾಗ ಮಾತ್ರ.

ಎರಡು ವರ್ಷ ಆದ ಮೇಲೂ ಯಾಕೆ ಕರೆಯುತ್ತಾರೆ

ಮೈಕ್ರೋಫ್ರಾಕ್ಚರಿನಿಂದ ಬರುವ ಪದರ ಬಹುಪಾಲು ಮೂಲ ಕಾರ್ಟಿಲೇಜಿನ ಜಾತಿಯದ್ದಲ್ಲ. ನಾರು ಜಾಸ್ತಿ ಇರುವ, ಗಾಯದ ಕಲೆಯಂಥ ಪದರ. ತಾಳಿಕೆ ಕಡಿಮೆ. ಮೊದಲ ಎರಡು ವರ್ಷ ಚೆನ್ನಾಗಿದ್ದು, ಆಮೇಲೆ ಕೆಲವರಲ್ಲಿ ಅಂಕ ಇಳಿಯುತ್ತದೆ. ಗುಂಡಿ ದೊಡ್ಡದಿದ್ದವರಲ್ಲಿ, ತೂಕ ಜಾಸ್ತಿ ಇರುವವರಲ್ಲಿ, 40 ದಾಟಿದವರಲ್ಲಿ ಇದು ಹೆಚ್ಚು. ಹಾಗಾಗಿ "ಒಂದು ವರ್ಷ ಆಯ್ತು, ಇನ್ನು ಡಾಕ್ಟರ್ ಯಾಕೆ" ಅಂತ ಬಿಡಬೇಡಿ. ಇಳಿಯುವುದು ಶುರುವಾದಾಗಲೇ ಗೊತ್ತಾದರೆ ತೂಕ, ವ್ಯಾಯಾಮ, ಆಟದ ಪ್ರಮಾಣದಲ್ಲಿ ಏನಾದರೂ ಮಾಡಬಹುದು.

ತಪಾಸಣೆಯ ದಿನ ಬರುವವರೆಗೆ ಕಾಯಬಾರದ ಸಂಗತಿಗಳೂ ಇವೆ. ಜ್ವರ ಬಂದು ಮಂಡಿ ಬಿಸಿಯಾಗಿ ಕೆಂಪಾದರೆ, ಗಾಯದಿಂದ ಕೀವು ಬಂದರೆ, ಮೀನಖಂಡ ಊದಿ ನೋಯುತ್ತಿದ್ದರೆ, ಕಾಲು ಒಂದು ಕೋನದಲ್ಲಿ ಸಿಕ್ಕಿಹಾಕಿಕೊಂಡು ಬಿಡಿಸಲು ಬರದಿದ್ದರೆ, ಇಳಿದಿದ್ದ ಊತ ಇದ್ದಕ್ಕಿದ್ದಂತೆ ಮತ್ತೆ ಬಂದರೆ ಅವತ್ತೇ ಹೋಗಬೇಕು. ಎದೆನೋವೋ ಉಸಿರಾಟದ ಕಷ್ಟವೋ ಬಂದರೆ ಒಂದು ಕ್ಷಣವೂ ತಡ ಮಾಡಬಾರದು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು.

ಹೋಗುವಾಗ ಆಪರೇಷನ್ನಿನ ವಿವರದ ಹಾಳೆ, ಹಳೆಯ ಫಾರಂಗಳ ಅಂಕ, ಹಿಂದಿನ ಸ್ಕ್ಯಾನಿನ ಸಿಡಿ, ಇಷ್ಟನ್ನು ಒಂದೇ ಕವರಿನಲ್ಲಿ ಇಟ್ಟುಕೊಳ್ಳಿ. ರಿಪೋರ್ಟ್ ಒಂದೇ ಸಾಲದು, ಚಿತ್ರಗಳೂ ಬೇಕು. ಸಾಧ್ಯವಾದರೆ ಮೊದಲು ತೆಗೆಸಿದ ಕಡೆಯೇ ಮತ್ತೆ ಸ್ಕ್ಯಾನ್ ತೆಗೆಸಿ. ಮಷೀನು ಬೇರೆಯಾದರೆ ಹೋಲಿಕೆ ಕಷ್ಟ.

ನಮ್ಮ ಹುಡುಗನ ಮುಂದಿನ ತಪಾಸಣೆ ಒಂದು ವರ್ಷ ತುಂಬಿದಾಗ. ಅಷ್ಟರೊಳಗೆ 150ರ ಶೇ. 90, ಅಂದರೆ 135 ಸೆಂಟಿಮೀಟರ್ ಮುಟ್ಟಬೇಕು. ಅಕ್ಕ ಆ ಸಂಖ್ಯೆಯನ್ನು ಅಡುಗೆಮನೆ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಾಳೆ. ಫಿಸಿಯೋ ಎದುರಿಗಿಲ್ಲದೆ ಕುಪ್ಪಳಿಸಬೇಡ ಎಂದಿರುವುದರಿಂದ ಅವನು ವಾರಕ್ಕೊಮ್ಮೆ ಕೋಲಾರಕ್ಕೆ ಹೋಗಿ ಬರುತ್ತಾನೆ. ಹೋದ ವಾರ 129 ಬಂತಂತೆ.